ಚೀಟಿ ಬಟ್ಟೆಯ ಬಣ್ಣ ಬಂದ ದಾರಿ

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದರೆ ಒಂದು ಮಾತು ಕೇಳಿ ನೋಡಿ: ಚೀಟಿ ಬಟ್ಟೆ ಎಂದರೇನು? ಸಣ್ಣ ಸಣ್ಣ ಹೂವು, ಬಳ್ಳಿ, ಚುಕ್ಕಿಗಳನ್ನು ಅಚ್ಚೊತ್ತಿದ ಹತ್ತಿಯ ಬಟ್ಟೆ ಎಂದು ಅವರು ಥಟ್ಟನೆ ಹೇಳಿಯಾರು. ಚೀಟಿಯ ಲಂಗ, ಚೀಟಿಯ ಕುಪ್ಪಸ, ಚೀಟಿಯ ಹೊದಿಕೆ ಎಂಬ ಮಾತುಗಳು ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದವು. ಕಾಗದದ ಚೀಟಿಯೇ ಬೇರೆ, ಈ ಚೀಟಿಯೇ ಬೇರೆ. ಹಿಂದಿಯಲ್ಲಿ ಛೀಂಟ್ ಎಂದರೆ ಚಿಮುಕಿಸಿದ ಹನಿ, ಚುಕ್ಕಿ. ಬಟ್ಟೆಯ ಮೇಲೆ ಚುಕ್ಕಿಗಳಿದ್ದುದರಿಂದ ಬಟ್ಟೆಗೂ ಅದೇ ಹೆಸರಾಯಿತು. ಆ ಮಾತು ದಕ್ಷಿಣಕ್ಕೆ ಬಂದು ಚೀಟಿಯಾಯಿತು, ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ 'ಚಿಂಟ್ಸ್' ಆಯಿತು. ಆ ಪದದ ಕೊನೆಯ ಸಕಾರ ಮೂಲದಲ್ಲಿ ಬಹುವಚನದ ಗುರುತು. ಇಂಗ್ಲಿಷರು ಅದನ್ನೇ ಪದದ ಅಂಗವೆಂದು ತಿಳಿದು ಉಳಿಸಿಕೊಂಡರು.

ಒಂದು ಪದ ಇಷ್ಟು ದೂರ ಪ್ರಯಾಣ ಮಾಡಿದೆ ಎಂದರೆ ಅದರ ಹಿಂದೆ ಸರಕೂ ಹೋಗಿರಬೇಕು. ಸರಕು ಹೋದ ಮೇಲೆ, ಅದನ್ನು ಮಾಡುವ ವಿದ್ಯೆಯೂ ಹೋಯಿತು. ಸರಕಿಗೆ ಬೆಲೆ ಕೊಟ್ಟರು. ವಿದ್ಯೆಗೆ ಏನು ಕೊಟ್ಟರು ಎಂಬುದು ಈ ಲೇಖನದ ವಿಷಯ. ಅದಕ್ಕೆ ಮೊದಲು ಆ ವಿದ್ಯೆ ಏನೆಂದು ತಿಳಿದುಕೊಳ್ಳಬೇಕು.

ಕಾರ್ಯಕ್ರಮದಲ್ಲಿ ತೋರಿಸಿದ ಮರದ ಅಚ್ಚನ್ನು ನೆನಪಿಸಿಕೊಳ್ಳಿ. ಅಂಗೈಯಗಲದ ತೇಗದ ತುಂಡು, ಮೇಲೊಂದು ಹಿಡಿ, ಕೆಳಗೆ ಉಬ್ಬಿ ನಿಂತ ಕೆತ್ತನೆ. ಇಂಥ ಅಚ್ಚುಗಳನ್ನು ಕೆತ್ತುವ ಕುಶಲಿಗಳಿಗೆ ಗುಜರಾತಿನ ಗಾಂಧಿನಗರದ ಬಳಿಯ ಪೇಥಾಪುರ ಪ್ರಸಿದ್ಧ. ಒಂದು ವಿನ್ಯಾಸಕ್ಕೆ ಒಂದೇ ಅಚ್ಚು ಸಾಲದು. ರೇಖೆಗೆ ಒಂದು, ಒಳಗೆ ತುಂಬುವುದಕ್ಕೆ ಒಂದು, ಹಿನ್ನೆಲೆಗೆ ಇನ್ನೊಂದು. ಬಣ್ಣಗಳು ಹೆಚ್ಚಿದಂತೆ ಅಚ್ಚುಗಳೂ ಹೆಚ್ಚುತ್ತವೆ. ಅಚ್ಚಿನ ಮೈಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಒತ್ತುವಾಗ ಗಾಳಿ ಸಿಕ್ಕಿಕೊಂಡು ಗುಳ್ಳೆಯೆದ್ದರೆ ಹೂವಿನ ಎಸಳೇ ಅಳಿಸಿಹೋಗುತ್ತದೆ. ಗಾಳಿ ಹೊರಹೋಗಲು ಆ ದಾರಿ. ಒಂದು ಅಚ್ಚಿನ ಗುರುತಿನ ಮೇಲೆ ಮುಂದಿನ ಅಚ್ಚು ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಅಚ್ಚುಗಾರ ಅದನ್ನು ಅಳೆಯುವುದಿಲ್ಲ. ಕಣ್ಣಂದಾಜಿನಲ್ಲಿ ಇಟ್ಟು, ಮುಷ್ಟಿಯಿಂದ ಗುದ್ದಿ, ಎತ್ತಿ, ಮುಂದಕ್ಕೆ ಹೋಗುತ್ತಾನೆ.

ಆದರೆ ನೋಡುವವರೆಲ್ಲ ಮೋಸಹೋಗುವುದು ಇಲ್ಲಿಯೇ. ಅಚ್ಚಿನಲ್ಲಿ ಬಣ್ಣವಿದೆ, ಅದನ್ನು ಬಟ್ಟೆಗೆ ಒತ್ತುತ್ತಾರೆ ಎಂದು ನಾವು ತಿಳಿಯುತ್ತೇವೆ. ಅಂಚೆ ಕಚೇರಿಯ ಮೊಹರಿಗೆ ಅದು ನಿಜ. ಒಳ್ಳೆಯ ಚೀಟಿ ಬಟ್ಟೆಗೆ ನಿಜವಲ್ಲ. ಕೆಂಪು ಹೂವಿನ ಅಚ್ಚನ್ನು ಅದ್ದುವುದು ಕೆಂಪು ಬಣ್ಣಕ್ಕಲ್ಲ, ಪಟಿಕದ ನೀರಿಗೆ. ಗಾಯಕ್ಕೆ, ಕೆಸರು ನೀರು ತಿಳಿಯಾಗುವುದಕ್ಕೆ ಬಳಸುವ ಅದೇ ಬಿಳಿಯ ಪಟಿಕ. ಅದನ್ನು ಕರಗಿಸಿ, ಹರಡದಿರಲೆಂದು ಅಂಟು ಬೆರೆಸಿ ಒತ್ತಿದರೆ ಬಟ್ಟೆಯ ಮೇಲೆ ಕೆಂಪೇನೂ ಕಾಣಿಸದು. ಅನಂತರ ಇಡೀ ಬಟ್ಟೆಯನ್ನು ಕೆಂಪು ಬೇರಿನ ಕಷಾಯದಲ್ಲಿ ಕುದಿಸುತ್ತಾರೆ. ಪಟಿಕ ತಗುಲಿದ ಕಡೆಯಲ್ಲೆಲ್ಲ ಕೆಂಪು ಕಚ್ಚಿಕೊಳ್ಳುತ್ತದೆ. ಉಳಿದ ಕಡೆ ತೊಳೆದರೆ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಕಾಣದೆ ಇದ್ದ ಹೂವು ಹಂಡೆಯೊಳಗೆ ಅರಳುತ್ತದೆ.

ಇದಕ್ಕೆ ಕಾರಣ ಸರಳ. ಹತ್ತಿಯ ನೂಲಿಗೂ ಬೇರಿನ ಬಣ್ಣಕ್ಕೂ ತಾವಾಗಿ ಸ್ನೇಹವಿಲ್ಲ. ನಡುವೆ ಒಬ್ಬ ಮಧ್ಯವರ್ತಿ ಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕೈಯಿಂದ ನೂಲನ್ನು ಹಿಡಿದು ಇನ್ನೊಂದು ಕೈಯಿಂದ ಬಣ್ಣದ ಅಣುವನ್ನು ಹಿಡಿಯುತ್ತದೆ. ರಸಾಯನಶಾಸ್ತ್ರದ ಪುಸ್ತಕಗಳು ಇಂಥ ವಸ್ತುವನ್ನು ವರ್ಣಬಂಧಕ ಎನ್ನುತ್ತವೆ. ಮಧ್ಯವರ್ತಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಅದೇ ಬೇರು ಪಟಿಕದ ಜೊತೆ ಕೆಂಪು ಕೊಟ್ಟರೆ ಕಬ್ಬಿಣದ ಜೊತೆ ನೇರಳೆಗಪ್ಪು ಕೊಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದರು. ಅಳಲೆಯ ಒಗರಿಗೆ ಅನ್ನಭೇದಿಯ ಕಬ್ಬಿಣ ಸೇರಿ ಕಪ್ಪಾಗುತ್ತಿತ್ತು. ಶಾಲೆಯ ಮಸಿಕುಡಿಕೆಯಲ್ಲಿ ನಡೆಯುತ್ತಿದ್ದ ಈ ಕ್ರಿಯೆಯನ್ನೇ ಅಚ್ಚುಗಾರ ಬಟ್ಟೆಯ ಮೇಲೆ ನಡೆಸುತ್ತಾನೆ.

ಕಚ್ಛದ ಅಜರಖ್ ಬಟ್ಟೆಯನ್ನು ನೋಡಿದರೆ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಕಡುನೀಲಿ ಮತ್ತು ಕಡುಕೆಂಪು ನೆಲದ ಮೇಲೆ ಬಿಳಿ ಗೆರೆಗಳ ನಕ್ಷತ್ರ, ಹೂವು, ಜಾಲರಿ. ದನಕುರಿ ಮೇಯಿಸುವ ಗಂಡಸರು ಇದನ್ನು ಲುಂಗಿಯಾಗಿ, ಮುಂಡಾಸಾಗಿ, ಹೊದಿಕೆಯಾಗಿ ಬಳಸುತ್ತಿದ್ದರು. ಮೊದಲು ಬಟ್ಟೆಯನ್ನು ಸೋಡಾ, ಹರಳೆಣ್ಣೆ, ಒಂಟೆಯ ಲದ್ದಿಯ ನೀರಿನಲ್ಲಿ ನೆನೆಸಿ ಒಗೆಯುತ್ತಾರೆ. ಆಮೇಲೆ ಅಳಲೆಯ ನೀರು. ಬಿಳಿಯಾಗಿ ಉಳಿಯಬೇಕಾದ ಗೆರೆಗಳಿಗೆ ಸುಣ್ಣ ಮತ್ತು ಗೋಂದನ್ನು ಒತ್ತುತ್ತಾರೆ. ಅಲ್ಲಿ ಮುಂದೆ ಯಾವ ಬಣ್ಣವೂ ಹಿಡಿಯದು. ಕಪ್ಪಿಗೆ ಬೇಕಾದ ಕಬ್ಬಿಣದ ನೀರನ್ನು ತುಕ್ಕು ಹಿಡಿದ ಗುಜರಿಗೆ ಬೆಲ್ಲ ಸೇರಿಸಿ, ವಾರಗಟ್ಟಲೆ ಹುಳಿಯಲು ಬಿಟ್ಟು ತೆಗೆಯುತ್ತಾರೆ, ಹುಣಿಸೆಬೀಜದ ಪುಡಿಯಿಂದ ಮಂದ ಮಾಡುತ್ತಾರೆ. ಕೆಂಪಿನ ಜಾಗಕ್ಕೆ ಪಟಿಕ. ಬಳಿಕ ನೀಲಿಯ ತೊಟ್ಟಿ. ನೀಲಿಯ ಸ್ವಭಾವವೇ ಬೇರೆ, ಅದಕ್ಕೆ ಮಧ್ಯವರ್ತಿ ಬೇಡ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಳದಿಹಸಿರಾಗಿರುತ್ತದೆ. ಗಾಳಿ ತಗುಲುತ್ತ ತಗುಲುತ್ತ ಕಣ್ಣೆದುರಿಗೇ ನೀಲಿಯಾಗುತ್ತದೆ. ಕೊನೆಗೆ ತೊಳೆದು, ಬೇರಿನ ಕೆಂಪಿನಲ್ಲಿ ಕುದಿಸಿ, ಮತ್ತೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಉತ್ತಮ ಅಜರಖ್ ಬಟ್ಟೆಗೆ ಎರಡು ಮಗ್ಗುಲಿಗೂ ಒಂದೇ ವಿನ್ಯಾಸ ಇರುತ್ತದೆ, ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂತಿರುತ್ತದೆ. ಬೆಳಗಿನ ಕತ್ತಲಲ್ಲಿ ಎದ್ದು ಹೊರಡುವ ದನಗಾಹಿ ಒಳಮೈ ಹೊರಮೈ ನೋಡದೆ ಉಡಬಹುದಲ್ಲ ಎಂದು ಅಲ್ಲಿಯವರು ಹೇಳುತ್ತಾರೆ.

ಈ ವಿದ್ಯೆ ಎಷ್ಟು ಹಳೆಯದು? ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ಅದು ಮಂಜಿಷ್ಠ ಜಾತಿಯ ಬೇರಿನಿಂದ ಕೆಂಪು ಹಾಕಿದ ಬಟ್ಟೆ ಎಂದು ಪರೀಕ್ಷೆಯಿಂದ ತಿಳಿಯಿತು. ಹತ್ತಿಗೆ ಆ ಬಣ್ಣ ಕಚ್ಚಬೇಕಾದರೆ ವರ್ಣಬಂಧಕದ ತಿಳಿವಳಿಕೆ ಇದ್ದಿರಲೇಬೇಕು. ಅಲ್ಲಿನ ಪ್ರಸಿದ್ಧ ಗಡ್ಡದ ಪ್ರತಿಮೆಯ ಹೊದಿಕೆಯ ಮೇಲಿರುವ ಮೂರೆಸಳಿನ ಗುರುತೇ ಅಜರಖ್‌ನ ಮೂಲ ಎಂದು ಹಲವರು ಉತ್ಸಾಹದಿಂದ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೋಲಿಕೆ ಸಾಕ್ಷ್ಯವಲ್ಲ, ನಡುವೆ ಮೂರು ಸಾವಿರ ವರ್ಷಗಳ ಖಾಲಿ ಜಾಗವಿದೆ. ಬಣ್ಣದ ಚೂರೇ ಸಾಕಷ್ಟು ದೊಡ್ಡ ಸಾಕ್ಷಿ.

ಅಚ್ಚೊತ್ತಿದ ಬಟ್ಟೆಯ ದೊಡ್ಡ ನಿಧಿ ಸಿಕ್ಕಿದ್ದು ಭಾರತದಲ್ಲಲ್ಲ, ಈಜಿಪ್ಟಿನಲ್ಲಿ. ನಮ್ಮ ಮಳೆ, ತೇವ, ಗೆದ್ದಲುಗಳ ನಡುವೆ ಹಳೆಯ ಹತ್ತಿ ಬಟ್ಟೆ ಉಳಿಯುವುದು ಕಷ್ಟ. ಕೈರೋದ ಪಕ್ಕದ ಫುಸ್ತಾತ್ ಎಂಬ ಹಳೆಯ ನಗರದ ಒಣ ತಿಪ್ಪೆಗಳಲ್ಲಿ ಅವು ಉಳಿದವು. ಅವು ಗುಜರಾತಿನವು ಎಂದು 1938ರಲ್ಲಿ ಫ್ರಾನ್ಸಿನ ವಿದ್ವಾಂಸ ಫಿಸ್ಟರ್ ವಾದಿಸಿದರು. ಈಜಿಪ್ಟಿನ ಇತಿಹಾಸದ ವಿದ್ವಾಂಸ ಪರ್ಸಿ ನ್ಯೂಬೆರಿ ಕೊಂಡು ಕೂಡಿಹಾಕಿದ ಸುಮಾರು 1,200 ಚೂರುಗಳು ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಇಂಗಾಲದ ಪರೀಕ್ಷೆಯಿಂದ ಕೆಲವು ಚೂರುಗಳು 10-11ನೆಯ ಶತಮಾನದಷ್ಟು ಹಳೆಯವೆಂದು ತಿಳಿದಿದೆ. ಗಮನಿಸಬೇಕಾದ ಸಂಗತಿ ಎಂದರೆ ಇವುಗಳಲ್ಲಿ ಬಹಳಷ್ಟು ರಾಜರ ಉಡುಪಲ್ಲ. ಒರಟು ಹತ್ತಿ, ಹೊಲಿದ, ತೇಪೆ ಹಾಕಿದ, ಕೊನೆಗೆ ಎಸೆದ ಬಟ್ಟೆ. ಸಮುದ್ರದಾಚೆಯ ಸಾಮಾನ್ಯ ಸಂಸಾರಗಳು ತೊಟ್ಟು ಸವೆಸಿದ ಬಟ್ಟೆ. ಇನ್ನೊಂದು ದಿಕ್ಕಿನಲ್ಲಿ, ಇಂಡೊನೇಷ್ಯದ ಸುಲವೇಸಿ ದ್ವೀಪದ ತೊರಾಜ ಜನರು ಗುಜರಾತಿನ ಇಂಥವೇ ಬಟ್ಟೆಗಳನ್ನು ತಲೆತಲಾಂತರದಿಂದ ಪವಿತ್ರ ವಸ್ತುಗಳಾಗಿ ಕಾಪಾಡಿಕೊಂಡು ಬಂದರು. ಒಂದು ಕಡೆ ತಿಪ್ಪೆಗೆ ಹೋದದ್ದು ಇನ್ನೊಂದು ಕಡೆ ಪೂಜೆಗೆ ಸಂದಿತು.

ಕನ್ನಡ ನಾಡಿನ ಅರಮನೆಯಲ್ಲೂ ಈ ಬಣ್ಣಗಳ ಪರಿಚಯ ಚೆನ್ನಾಗಿಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಸ್ತ್ರೋಪಭೋಗ ಎಂಬ ಭಾಗವೇ ಇದೆ. ದೂರದೂರದ ಊರುಗಳಿಂದ ಬಂದ ಬಟ್ಟೆಗಳನ್ನೂ ಮಂಜಿಷ್ಠ, ಅರಗು, ಕುಸುಬೆಗಳ ಬಣ್ಣವನ್ನೂ ಅಲ್ಲಿ ಹೇಳಿದೆ. ನೀಲಿಯ ತೊಟ್ಟಿ ಇಟ್ಟವರು ನೀಲಗಾರರು. ಆ ಹೆಸರು ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರಾಗಿ ಇಂದಿಗೂ ಉಳಿದಿದೆ.

ಈಗ ಯೂರೋಪಿನ ಕಥೆ. 17ನೆಯ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಪೂರ್ವಕ್ಕೆ ಬಂದದ್ದು ಮೆಣಸು, ಲವಂಗ, ಜಾಯಿಕಾಯಿಗಾಗಿ. ಸಾಂಬಾರ ದ್ವೀಪಗಳ ಜನ ಬದಲಿಗೆ ಕೇಳಿದ್ದು ಭಾರತದ ಬಟ್ಟೆಯನ್ನು. ಹಾಗಾಗಿ ಬಟ್ಟೆ ಕೊಳ್ಳಲು ಕೋರಮಂಡಲ ತೀರಕ್ಕೆ ಬಂದರು. 1611ರಲ್ಲಿ ಇಂಗ್ಲಿಷರು ಮಚಲೀಪಟ್ಟಣದಲ್ಲಿ ಕೋಠಿ ತೆರೆದರು. ಸ್ವಲ್ಪ ಬಟ್ಟೆ ಕುತೂಹಲಕ್ಕೆಂದು ಲಂಡನ್ನಿಗೂ ಹೋಯಿತು. ಅಲ್ಲಿಯವರು ಉಣ್ಣೆ, ನಾರುಬಟ್ಟೆ, ರೇಷ್ಮೆ ತೊಡುತ್ತಿದ್ದರು. ಹಗುರ, ಅಗ್ಗ, ಎಲ್ಲಕ್ಕಿಂತ ಮಿಗಿಲಾಗಿ ಒಗೆದರೂ ಮಾಸದ ಹೂವಿನ ಬಟ್ಟೆ ಅವರಿಗೆ ಹೊಸದು. ಮೊದಲು ಹಾಸಿಗೆಯ ಪರದೆಯಾಯಿತು, ಆಮೇಲೆ ದಾಸಿಯರ ಉಡುಪಾಯಿತು, ಕೊನೆಗೆ ಒಡತಿಯರದೂ ಆಯಿತು. ಕಂಪನಿಯವರು ಕೆಂಪು ನೆಲ ಬೇಡ, ಬಿಳಿ ನೆಲದ ಮೇಲೆ ಹೂವು ಬರಲಿ ಎಂದು ಲಂಡನ್ನಿನಿಂದ ಬರೆದರು, ಮಾದರಿಗಳನ್ನೂ ಕಳಿಸಿದರು. ಇಲ್ಲಿನ ಬಣ್ಣಗಾರರು ಅದನ್ನೂ ಮಾಡಿ ಕೊಟ್ಟರು.

ಆಗ ಅಲ್ಲಿನ ನೇಕಾರರ ಹೊಟ್ಟೆಗೆ ಬಿತ್ತು ಪೆಟ್ಟು. ಫ್ರಾನ್ಸಿನ ಸರ್ಕಾರ 1686ರಲ್ಲಿ ಭಾರತದ ಅಚ್ಚಿನ ಬಟ್ಟೆಯನ್ನೂ, ದೇಶದೊಳಗೆ ಅದನ್ನು ಅನುಕರಿಸಿ ಅಚ್ಚೊತ್ತುವುದನ್ನೂ ನಿಷೇಧಿಸಿತು. ಅಚ್ಚುಗಳನ್ನೇ ಒಡೆದುಹಾಕಲು ಆಜ್ಞೆ ಮಾಡಿತು. ಇಂಗ್ಲೆಂಡು 1700ರಲ್ಲಿ ಕಾನೂನು ಮಾಡಿ ಇಂಥ ಬಟ್ಟೆಯನ್ನು ದೇಶದೊಳಗೆ ಬಳಸಲು ತರಿಸುವುದನ್ನು ತಡೆಯಿತು. ಆದರೂ ಬಯಕೆ ನಿಲ್ಲಲಿಲ್ಲ. 1719ರಲ್ಲಿ ಲಂಡನ್ನಿನ ರೇಷ್ಮೆ ನೇಕಾರರು ಬೀದಿಯಲ್ಲಿ ಅಚ್ಚಿನ ಬಟ್ಟೆ ತೊಟ್ಟ ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಉಡುಪು ಹರಿದರು. ಹಸಿದ ನೇಕಾರರ ಸಿಟ್ಟು ನಿಜವಾದದ್ದೇ. ಅದು ತಿರುಗಿದ್ದು ಮಾತ್ರ ಕೈಲಾಗದವರ ಮೇಲೆ. 1721ರ ಕಾನೂನು ಅಚ್ಚೊತ್ತಿದ ಹತ್ತಿ ಬಟ್ಟೆಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ತೊಡುವುದನ್ನೇ ಅಪರಾಧ ಮಾಡಿತು. ಫ್ರಾನ್ಸಿನಲ್ಲಿ ನಿಷೇಧ ತೆರವಾದದ್ದು 1759ರಲ್ಲಿ, ಇಂಗ್ಲೆಂಡಿನಲ್ಲಿ ಸ್ವದೇಶಿ ಹತ್ತಿ ಬಟ್ಟೆಗೆ ಅನುಮತಿ ಸಿಕ್ಕಿದ್ದು 1774ರಲ್ಲಿ.

ಅವರೇ ಏಕೆ ಮಾಡಿಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ಪ್ರಯತ್ನಪಟ್ಟರು. ಮರದ ಅಚ್ಚು ಯೂರೋಪಿಗೆ ಹೊಸದಲ್ಲ, ಅವರು ಅದರಿಂದ ಚಿತ್ರವನ್ನೂ ಪುಸ್ತಕವನ್ನೂ ಮುದ್ರಿಸಿದವರು. ಮಾರ್ಸೇಲ್ಸ್ ನಗರದಲ್ಲಿ 1648ರಲ್ಲಿ ಬಟ್ಟೆಗೆ ಅಚ್ಚೊತ್ತಲು ಕೈಹಾಕಿದವರಲ್ಲಿ ಒಬ್ಬ ಇಸ್ಪೀಟೆಲೆ ಮಾಡುವವನು. ಹೂವು ಬಂತು, ಬಣ್ಣ ನಿಲ್ಲಲಿಲ್ಲ. ಅವರದು ಮೇಲೆ ಬಳಿದ ಬಣ್ಣ, ಒಗೆದರೆ ಹೋಗುತ್ತಿತ್ತು. ಕೊರತೆ ಇದ್ದದ್ದು ಅಚ್ಚಿನದಲ್ಲ, ಪಟಿಕದ ನೀರಿನ ಗುಟ್ಟಿನದು. ವಿಚಿತ್ರವೆಂದರೆ ಒಂದನೆಯ ಶತಮಾನದ ರೋಮಿನ ಲೇಖಕ ಪ್ಲಿನಿ, ಈಜಿಪ್ಟಿನವರು ಬಟ್ಟೆಗೆ ಬಣ್ಣವಿಲ್ಲದ ದ್ರವ್ಯಗಳನ್ನು ಹಚ್ಚಿ ಒಂದೇ ಹಂಡೆಯಲ್ಲಿ ಅದ್ದಿ ಹಲವು ಬಣ್ಣ ತೆಗೆಯುತ್ತಾರೆಂದು ಬರೆದಿದ್ದ. ಪುಸ್ತಕ ಅವರ ಕಪಾಟಿನಲ್ಲೇ ಇತ್ತು. ಕೈಯಿಂದ ಮಾಡಿ ತೋರಿಸುವವರಿರಲಿಲ್ಲ.

ಆದ್ದರಿಂದ ಮಾಡುವವರ ಅಂಗಳಕ್ಕೇ ಬಂದರು. ಫ್ರೆಂಚ್ ಕಂಪನಿಯ ನೌಕರ ಜಾರ್ಜ್ ರೋಕ್ 1678ರ ಸುಮಾರಿಗೆ ಅಹಮದಾಬಾದು, ಬುರ್ಹಾನ್‌ಪುರ, ಸಿರೋಂಜ್‌ಗಳಲ್ಲಿ ಅಚ್ಚುಗಾರರ ಕೆಲಸವನ್ನು ನೋಡಿ ವರದಿ ಬರೆದ. ಕೋರಮಂಡಲ ತೀರದಲ್ಲಿ ಅಚ್ಚಿಗಿಂತ ಕಲಮಿನಿಂದ, ಅಂದರೆ ಬಿದಿರಿನ ಲೇಖನಿಯಿಂದ, ಬರೆಯುವುದು ಹೆಚ್ಚು. ಬಣ್ಣ ಕಟ್ಟುವ ತತ್ವ ಮಾತ್ರ ಎರಡಕ್ಕೂ ಒಂದೇ. ಅಲ್ಲಿಗೆ, ಪಾಂಡಿಚೇರಿಗೆ, 1734ರ ಸುಮಾರಿಗೆ ಬಂದ ಬ್ಯೂಲಿಯೂ ಎಂಬ ಫ್ರೆಂಚ್ ನೌಕಾಧಿಕಾರಿ ಒಂದು ಜಾಣತನ ಮಾಡಿದ. ಕಣ್ಣೆದುರಿಗೆ ಬಟ್ಟೆಯೊಂದಕ್ಕೆ ಬಣ್ಣ ಹಾಕಿಸಿ, ಒಂದೊಂದು ಹಂತ ಮುಗಿದಾಗಲೂ ಅದರ ತುಂಡನ್ನು ಕತ್ತರಿಸಿ ತನ್ನ ಬರಹದ ಪಕ್ಕಕ್ಕೆ ಸೇರಿಸಿಕೊಂಡ. ಆ ಹಸ್ತಪ್ರತಿ ಬಟ್ಟೆಯ ತುಂಡುಗಳ ಸಮೇತ ಪ್ಯಾರಿಸ್ಸಿನಲ್ಲಿ ಇಂದಿಗೂ ಇದೆ. ಗಮನಿಸಿ: ಆ ದಿನಗಳಲ್ಲಿ ಫ್ರಾನ್ಸಿನೊಳಗೆ ಈ ಬಟ್ಟೆಗೆ ನಿಷೇಧವಿತ್ತು. ಬಟ್ಟೆ ಬೇಡ, ವಿದ್ಯೆ ಮಾತ್ರ ಬೇಕು!

ಮೂರನೆಯವನು ಜೆಸ್ಯೂಟ್ ಪಾದ್ರಿ ಕೂರ್ದೂ. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ನೆಂಟಸ್ತನವಿದೆ ಎಂದು 1767ರಲ್ಲೇ ಪ್ಯಾರಿಸ್ಸಿನ ವಿದ್ವಾಂಸರಿಗೆ ಬರೆದವನು ಇವನೇ. ಭಾಷಾಶಾಸ್ತ್ರ ಓದುವವರು ಇವನ ಹೆಸರನ್ನು ಕೇಳಿರಬಹುದು. ಇವನು 1742ರಲ್ಲಿ ಬರೆದ ದೀರ್ಘ ಪತ್ರದಲ್ಲಿ ಬಟ್ಟೆ ಬಿಳಿ ಮಾಡುವುದರಿಂದ ಹಿಡಿದು ಕೊನೆಯ ಒಗೆತದ ತನಕ ಎಲ್ಲವನ್ನೂ ಬಿಡಿಸಿ ಹೇಳಿದ. ಅಳಲೆಗೆ ತಮಿಳಿನ ಕಡುಕ್ಕಾಯ್ ಎಂಬ ಹೆಸರನ್ನೇ ಫ್ರೆಂಚ್ ಅಕ್ಷರಗಳಲ್ಲಿ ಬರೆದ. ಅಳಲೆಯ ನೀರಿಗೆ ಎಮ್ಮೆಯ ಹಾಲು ಏಕೆ ಬೇಕೆಂದರೆ ಅದರ ಜಿಡ್ಡಿನಿಂದ ಬಣ್ಣ ಹರಡದೆ ಗೆರೆ ಚೊಕ್ಕಟವಾಗಿ ನಿಲ್ಲುತ್ತದೆ. ಈ ಸಂಗತಿಗಳನ್ನು ಅವನಿಗೆ ಹೇಳಿದವರು ಅವನಿಂದ ದೀಕ್ಷೆ ಪಡೆದು ಹೊಸದಾಗಿ ಕ್ರೈಸ್ತರಾಗಿದ್ದ ಬಣ್ಣಗಾರರು. ಗುರುವಿನ ಪ್ರಶ್ನೆಗೆ ಉತ್ತರ ಕೊಡದಿರುವುದು ಶಿಷ್ಯರಿಗೆ ಸುಲಭವಲ್ಲ. ಪತ್ರ ಅಚ್ಚಾಗಿ ಯೂರೋಪಿನಲ್ಲಿ ಹರಡಿತು. ಕೂರ್ದೂ ಹೆಸರು ಉಳಿಯಿತು, ಬ್ಯೂಲಿಯೂ ಹೆಸರು ಉಳಿಯಿತು. ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ.

ಇದನ್ನು ಬರೀ ಕಳ್ಳತನ ಎಂದು ಕರೆದು ಮುಗಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಾರ್ಸೇಲ್ಸಿಗೆ ಅರ್ಮೇನಿಯದ ಕುಶಲಿಗಳು ತಮ್ಮ ಇಚ್ಛೆಯಿಂದಲೇ ಈ ವಿದ್ಯೆಯನ್ನು ಒಯ್ದಿದ್ದರು. ಯೂರೋಪಿನವರು ತಮ್ಮ ಬುದ್ಧಿಯನ್ನೂ ಸೇರಿಸಿದರು. 1760ರಲ್ಲಿ ಓಬರ್ಕಾಂಫ್ ಪ್ಯಾರಿಸ್ಸಿನ ಸಮೀಪದ ಜೂಯಿ ಎಂಬಲ್ಲಿ ಮರದ ಅಚ್ಚುಗಳಿಂದಲೇ ಕಾರ್ಖಾನೆ ಆರಂಭಿಸಿ ಪ್ರಖ್ಯಾತನಾದ. 1783ರಲ್ಲಿ ಥಾಮಸ್ ಬೆಲ್ ಕೆತ್ತಿದ ತಾಮ್ರದ ಉರುಳೆಯಿಂದ ಅಚ್ಚೊತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಉರುಳೆ ನಿಲ್ಲದೆ ತಿರುಗುತ್ತದೆ, ಬಟ್ಟೆ ನಿಲ್ಲದೆ ಓಡುತ್ತದೆ. ಒಬ್ಬ ಆಳು, ಒಬ್ಬ ಹುಡುಗ ಸೇರಿ ಈ ಯಂತ್ರದಿಂದ ನೂರು ಅಚ್ಚುಗಾರರು ಮತ್ತು ಅವರ ನೂರು ಹುಡುಗರ ಕೆಲಸ ಮಾಡುತ್ತಾರೆಂದು 1835ರಲ್ಲಿ ಎಡ್ವರ್ಡ್ ಬೇನ್ಸ್ ಬರೆದ. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಮಂಜಿಷ್ಠ ಜಾತಿಯ ಬೇರಿನ ಕೆಂಪಿಗೆ ಕಾರಣವಾದ ಅಲಿಜರಿನ್ ದ್ರವ್ಯವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಬೇರು ಬೆಳೆಯುವ ರೈತನ ಅಗತ್ಯವೂ ತೀರಿತು.

ಲ್ಯಾಂಕಶೈರಿನ ಯಂತ್ರದ ಹೂವು ಈಗ ಭಾರತದ ಸಂತೆಗಳಿಗೆ ಬಂತು. ಅದನ್ನೂ ನಮ್ಮ ಜನ ಚೀಟಿ ಎಂದೇ ಕರೆದರು. ನಮ್ಮ ಅಜ್ಜಿಯರು ತೊಟ್ಟ ಚೀಟಿ ಬಹುಪಾಲು ಇಂಥ ಗಿರಣಿಯದೇ, ಆಮೇಲೆ ಮುಂಬಯಿ ಅಹಮದಾಬಾದಿನ ಗಿರಣಿಗಳದು. ಹೆಸರು ಉಳಿದು ವಸ್ತು ಬದಲಾಗಿತ್ತು. ಬೇರು, ಅಳಲೆ, ಎಮ್ಮೆಯ ಹಾಲಿನ ಲೆಕ್ಕ ಬಲ್ಲ ಮನೆಗಳು ಒಂದೊಂದಾಗಿ ಕೆಲಸ ಬಿಟ್ಟವು. ಬಿಡದವರು ಡಬ್ಬಿಯಲ್ಲಿ ಬರುವ ಬಣ್ಣಕ್ಕೆ ಹೊರಳಿದರು. ಸ್ವಾತಂತ್ರ್ಯದ ಬಳಿಕ, 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾಗಿ ಇವರನ್ನು ಹುಡುಕಿಕೊಂಡು ಊರೂರು ಅಲೆದವರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಕಚ್ಛದ ಧಮಡ್ಕಾ ಗ್ರಾಮದಲ್ಲಿ ಖತ್ರಿ ಮೊಹಮ್ಮದ್ ಸಿದ್ದೀಕ್ 1970ರ ದಶಕದಲ್ಲಿ ಬೇರು ಕಾಯಿಗಳ ಹಳೆಯ ಬಣ್ಣಗಳನ್ನು ಮತ್ತೆ ಬಳಕೆಗೆ ತಂದರು, ತಮ್ಮ ಮಕ್ಕಳಿಗೂ ಕಲಿಸಿದರು. ಅವರ ಮಗ ಇಸ್ಮಾಯಿಲ್ ಮೊಹಮ್ಮದ್ ಖತ್ರಿಯವರಿಗೆ ಮುಂದೆ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಆ ದೇಶದಲ್ಲಿ ಒಂದು ಕಾಲಕ್ಕೆ ಈ ಬಟ್ಟೆ ತೊಟ್ಟವರನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿದ್ದರೆಂಬುದು ನಿಮಗೆ ನೆನಪಿರಬಹುದು. ಈ ಸಲ ಕುಶಲಿಯ ಹೆಸರು ದಾಖಲೆಯಲ್ಲಿದೆ.

2001ರ ಜನವರಿ 26ರಂದು ಕಚ್ಛದಲ್ಲಿ ಭೂಕಂಪವಾಯಿತು. ಧಮಡ್ಕಾದಲ್ಲಿ ಮನೆಗಳು ಬಿದ್ದವು, ಅಚ್ಚುಗಳು ಮಣ್ಣಿನಡಿಗೆ ಹೋದವು, ಜನ ಸತ್ತರು. ಉಳಿದವರು ಕೆಲಸಕ್ಕೆ ಕೂತಾಗ ಇನ್ನೊಂದು ಸಂಗತಿ ತಿಳಿಯಿತು: ನೆಲ ಅಲುಗಿದ ಮೇಲೆ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿತ್ತು. ಕುಡಿಯುವವನಿಗೆ ಅದು ರುಚಿಯ ವ್ಯತ್ಯಾಸ ಅಷ್ಟೆ. ಅಚ್ಚುಗಾರನಿಗೆ ಹಾಗಲ್ಲ. ಕಬ್ಬಿಣ ಕಪ್ಪು ತರುವ ಮಧ್ಯವರ್ತಿ ಎಂದು ಆಗಲೇ ನೋಡಿದೆವಲ್ಲ. ತೊಳೆಯುವ ನೀರೇ ಕಬ್ಬಿಣದ್ದಾದರೆ ಪ್ರತಿಯೊಂದು ಕೆಂಪೂ ಮಂಕಾಗುತ್ತದೆ. ಹಲವು ಕುಟುಂಬಗಳು ಒಳ್ಳೆಯ ನೀರನ್ನು ಹುಡುಕಿ ಹೊರಟವು. ಭುಜ್ ನಗರದ ಹತ್ತಿರ ನೆಲ ಕೊಂಡು, ಬಾವಿ ತೋಡಿ, ತೊಳೆಯುವ ತೊಟ್ಟಿಗಳನ್ನು ಕಟ್ಟಿಕೊಂಡವು. ಆ ಹೊಸ ಊರಿಗೆ ಅವರು ಇಟ್ಟ ಹೆಸರು ಅಜರಖ್‌ಪುರ.